ಲಿಫ್ಟ್ ಮಾಮನಿಗೆ ಉಲ್ಲನ್ ಕೊಡಬೇಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಭಾಗದ ಕಾರಿಡಾರಿನಲ್ಲಿ ಟ್ಯೂಬ್‌ಲೈಟೊಂದು ಹೊತ್ತಿಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿದೆ. ಅದರ ಕೆಳಗೆ ಹಳೆಯ ಲಿಫ್ಟು, ಅದಕ್ಕೆ ಮಡಚುವ ಕಬ್ಬಿಣದ ಬಾಗಿಲು, ಒಳಗೊಂದು ಮರದ ಸ್ಟೂಲು. ಸ್ಟೂಲಿನ ಮೇಲೆ ನೀಲಿ ಯೂನಿಫಾರ್ಮಿನ ಒಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕಂದು ಉಲ್ಲನ್ನಿನ ಚೌಕವೊಂದನ್ನು ಹೆಣೆಯುತ್ತಿದ್ದಾರೆ. ಮುಖ ನೋಡಿದರೆ ಇಷ್ಟಪಟ್ಟು ಮಾಡುವ ಕೆಲಸ ಅನ್ನಿಸುವುದಿಲ್ಲ. ಯಾರದೋ ಮೇಲಿನ ಸಿಟ್ಟನ್ನು ಪಾಪ ಆ ಚೌಕದ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ.

ಗಂಟೆ ಬಾರಿಸುತ್ತದೆ. ನಾಲ್ಕನೇ ಮಹಡಿ. ಕೊಕ್ಕೆ ತುದಿಯ ಕ್ರೋಶಾ ಕಡ್ಡಿ ಜೇಬಿಗೆ, ಚೌಕ ಸ್ಟೂಲಿನ ಕೆಳಗಿನ ಚೀಲಕ್ಕೆ, ಕೈ ಹಿತ್ತಾಳೆಯ ಹಿಡಿಗೆ. ಲಿಫ್ಟು ನರಳುತ್ತ ಮೇಲೇರುತ್ತದೆ. ಅಲ್ಲಿ ಆಪರೇಷನ್ನಿಗೆ ಹೊರಟ ಯುವಕ ಸ್ಟ್ರೆಚರ್ ಮೇಲೆ ಮಲಗಿದ್ದಾನೆ, ಪಕ್ಕದಲ್ಲಿ ಅವನ ತಾಯಿ. "ಇದು ಒಂದ್ಸಲ ಜಗ್ಗುತ್ತಮ್ಮ, ಹೆದರ್ಕೋಬೇಡಿ, ಅದರ ಅಭ್ಯಾಸ" ಎಂದು ಮೊದಲೇ ಹೇಳಿ, ಜಗ್ಗದ ಹಾಗೆ ಇಳಿಸುತ್ತಾರೆ. ಲಿಫ್ಟಿನ ನೆಲವೂ ಮಹಡಿಯ ನೆಲವೂ ಒಂದೇ ಗೆರೆಗೆ ಬಂದು ನಿಲ್ಲಬೇಕು. ಕೂದಲೆಳೆಯಷ್ಟು ತಪ್ಪಿದರೂ ಗಾಲಿ ಎಡವುತ್ತದೆ, ಮಲಗಿದವರಿಗೆ ನೋವಾಗುತ್ತದೆ. ಹೊಸ ಲಿಫ್ಟುಗಳು ಮುಂಭಾಗದಲ್ಲಿ ಥಳಥಳ ಹೊಳೆಯುತ್ತಿವೆಯಾದರೂ ಉದ್ದನೆಯ ಸ್ಟ್ರೆಚರ್ ಹಿಡಿಸುವುದು ಈ ಮುದಿ ಲಿಫ್ಟಿನಲ್ಲಿ ಮಾತ್ರ. ಅದಕ್ಕೇ ಇದೂ ಉಳಿದಿದೆ, ಇದನ್ನು ನಡೆಸುವವರೂ ಉಳಿದಿದ್ದಾರೆ.

ಕೆಳಗೆ ಬಂದು ಬಾಗಿಲು ಎಳೆದರೆ ಎದುರಿಗೆ ಒಬ್ಬ ಹೆಂಗಸು, ಕೈಯಲ್ಲಿ ಉಬ್ಬಿದ ಪ್ಲಾಸ್ಟಿಕ್ ಚೀಲ.

"ಲಿಫ್ಟ್ ಮಾಮ ಅಂದ್ರೆ ನೀವೇನಾ? ಮನೆಗೆ ಹೊರಟಿದ್ವಿ. ಇದು ಸ್ವಲ್ಪ ಉಳಿದಿತ್ತು..."

"ಬೇಡಮ್ಮ. ದಯವಿಟ್ಟು ಬೇಡ. ಮನೇಲಿ ಜಾಗ ಇಲ್ಲ."

"ನಮ್ಮತ್ತೆ ಹೆಣೀತಿದ್ರು. ಅರ್ಧ ಆಗಿದೆ." ಹೆಂಗಸು ಚೀಲವನ್ನು ಮುಂದೆ ಹಿಡಿಯುತ್ತಾಳೆ. ಅತ್ತೆ ಜೊತೆಯಲ್ಲಿಲ್ಲ. ಲಿಫ್ಟ್ ಮಾಮ ಚೀಲ ಇಸಿದುಕೊಳ್ಳುತ್ತಾರೆ. ಇಸಿದುಕೊಳ್ಳದೆ ಏನು ಮಾಡುತ್ತಾರೆ?

"ನೋಡಿದ್ರಲ್ಲ" ಎನ್ನುತ್ತಾರೆ, ಬರೆಯಲು ಬಂದ ಪತ್ರಿಕೆಯವರ ಕಡೆ ತಿರುಗಿ. "ಇದು ಬೆಳಗಿನ ಬೋಣಿ. ಸಂಜೆವರೆಗೂ ನಿಂತ್ಕೊಳ್ಳಿ, ಇನ್ನೂ ಬರುತ್ತೆ."

ಈ ಬರಹಕ್ಕೆ ಇವರು ಒಪ್ಪಿದ್ದೇ ಒಂದು ಷರತ್ತಿನ ಮೇಲೆ. ಸೇವೆ, ತ್ಯಾಗ, ಎಲೆಮರೆಯ ಕಾಯಿ ಎಂದೆಲ್ಲ ಬರೆದು ತಮ್ಮ ಮಾನ ಕಳೆಯಬಾರದು. ಫೋಟೋ ಬೇಕಿಲ್ಲ. ಹೆಸರಂತೂ ಬೇಡವೇ ಬೇಡ, ಹೆಸರು ಗೊತ್ತಾದರೆ ಮನೆ ಹುಡುಕಿಕೊಂಡು ಬಂದು ಕೊಟ್ಟುಹೋಗುತ್ತಾರೆ. "ಒಂದೇ ಒಂದು ವಿಷಯ ಬರೀರಿ. ಲಿಫ್ಟ್‌ನವನಿಗೆ ಇನ್ಮೇಲೆ ಯಾರೂ ಉಲ್ಲನ್ ಕೊಡಬೇಡಿ ಅಂತ. ದೊಡ್ಡ ಅಕ್ಷರದಲ್ಲಿ ಹಾಕಿ."

ದಿನಕ್ಕೆ ಎಷ್ಟು ಸಲ ಮೇಲೆ ಕೆಳಗೆ ಹೋಗಿಬರುತ್ತೀರಿ ಎಂದು ಕೇಳಿದರೆ ಲೆಕ್ಕ ಸಿಗುವುದಿಲ್ಲ. "ಎಣಿಸಿದ್ರೆ ತಲೆ ತಿರುಗುತ್ತೆ. ಒಂದೇ ಗೊತ್ತು, ಎಷ್ಟು ಸಲ ಹತ್ತಿದೀನೋ ಅಷ್ಟೇ ಸಲ ಇಳಿದಿದೀನಿ. ಇಲ್ದಿದ್ರೆ ಇಲ್ಲಿ ಇರ್ತಿರಲಿಲ್ಲ."

ಕ್ರೋಶಾ ಕೈಗೆ ಬಂದದ್ದು ಸಿಗರೇಟಿನ ದೆಸೆಯಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗಂಟೆ ಬಾರಿಸದ ಹೊತ್ತಿನಲ್ಲೆಲ್ಲ ಹಿಂದಿನ ಅಂಗಳಕ್ಕೆ ಹೋಗಿ ಹೊಗೆ ಬಿಡುತ್ತಿದ್ದರು. ಸ್ವಂತ ಅಕ್ಕ, ಊರವರಿಗೆಲ್ಲ ಬಟ್ಟೆ ಹೊಲಿದುಕೊಡುತ್ತಿದ್ದ ಗಟ್ಟಿ ಹೆಂಗಸು, ಒಂದು ದಿನ ತಮ್ಮನ ಜೇಬಿಗೆ ಕೈ ಹಾಕಿ ಸಿಗರೇಟು ತೆಗೆದು ಆ ಜಾಗದಲ್ಲಿ ಕ್ರೋಶಾ ಕಡ್ಡಿ ಇಟ್ಟಳು. ಕೈ ಸುಮ್ಮನಿರದಿದ್ದರೆ ಇದನ್ನು ಆಡಿಸು ಎಂದಳು. ಹೆಣಿಗೆಯ ಜೋಡಿ ಕಡ್ಡಿ ಯಾಕಲ್ಲ ಎಂದರೆ, ಅದರಲ್ಲಿ ಸಾಲುಗಟ್ಟಲೆ ದಾರದ ಕುಣಿಕೆಗಳು ಕಡ್ಡಿಯ ಮೇಲೆ ಕಾಯುತ್ತಿರುತ್ತವೆ. ಗಂಟೆ ಬಾರಿಸಿತೆಂದು ಎದ್ದರೆ ಜಾರಿ ಬಿಚ್ಚಿಹೋಗುತ್ತವೆ. ಕ್ರೋಶಾದಲ್ಲಿ ಬಾಕಿ ಇರುವುದು ಒಂದೇ ಕುಣಿಕೆ. ಎಲ್ಲಿ ಬೇಕಾದರೂ ಬಿಟ್ಟೇಳಬಹುದು. "ಸಿಗರೇಟು ಬಿಟ್ಟೆ, ಇದು ಹತ್ಕೊಳ್ತು. ಸಿಗರೇಟು ಒಂದು ಜೇಬು ಸಾಕು ಅಂತಿತ್ತು. ಇದು ಒಂದು ರೂಮೇ ತಿಂದ್ಹಾಕ್ತು."

ಆ ರೂಮಿನ ವಿಷಯಕ್ಕೆ ಬಂದರೆ ಅವರ ದನಿ ಏರುತ್ತದೆ. ಕಾರಣಕರ್ತರು ಇಬ್ಬರು. ಒಂದು, ಈ ಆಸ್ಪತ್ರೆಗೆ ಬಂದುಹೋಗುವ ಜನ. ರೋಗಿಯ ಪಕ್ಕ ಕುಳಿತವರಿಗೆ ಹೊತ್ತು ಹೋಗಬೇಕು, ಏನಾದರೊಂದು ಹೆಣೆಯಲು ಶುರು ಮಾಡುತ್ತಾರೆ. ಮನೆಗೆ ಹೊರಡುವಾಗ ಅರ್ಧ ತೋಳು, ಒಂಟಿ ಕಾಲುಚೀಲ, ಬೆನ್ನಿಲ್ಲದ ಸ್ವೆಟರು. ಗುಣವಾದವರು ಇನ್ನು ಯಾಕೆ ಎಂದು ಬಿಟ್ಟುಹೋಗುತ್ತಾರೆ. ಗುಣವಾಗದವರ ಕಡೆಯವರು ಮನೆಗೆ ಒಯ್ಯಲಾರದೆ, ಬುಟ್ಟಿಗೆ ಎಸೆಯಲೂ ಆಗದೆ, ಲಿಫ್ಟ್ ಮಾಮನ ಕೈಗಿಟ್ಟು ಹೋಗುತ್ತಾರೆ. "ಅದನ್ನ ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ ಹೇಳಿ. ಬಿಸಾಕೋಕಂತೂ ಕೈ ಬರಲ್ಲ."

ಎರಡನೆಯ ಕಾರಣಕರ್ತೆ ಸ್ವಂತ ಹೆಂಡತಿ. ದಾರ, ಗುಂಡಿ, ಉಲ್ಲನ್ ಮಾರುವ ಅಂಗಡಿಯಲ್ಲಿ ಕೆಲಸ. ಚಳಿ ಮುಗಿಯಿತೆಂದರೆ ಕಪಾಟು ಖಾಲಿ ಮಾಡುವಾಗ ಲೇಬಲ್ ಕಳೆದುಹೋದವು, ಬಿಸಿಲಿಗೆ ಬಣ್ಣ ಮಾಸಿದವು, ಜೊತೆ ತಪ್ಪಿದ ಉಂಡೆಗಳು ಎಲ್ಲವೂ ಆಕೆಯ ಕೈಚೀಲ ಸೇರುತ್ತವೆ. "ಒಂದು ಉಂಡೆ ಅಲ್ವೇನ್ರೀ" ಎಂಬುದು ಅವರ ವಾದ. ಆ ಒಂದು ಉಂಡೆ ಎಷ್ಟು ವರ್ಷಗಳಿಂದ ಬರುತ್ತಿದೆ ಎಂದು ಗಂಡ ಕೇಳಿದರೆ, ನಿಮ್ಮ ಆಸ್ಪತ್ರೆಯಿಂದ ಬರುವುದೇನು ಕಮ್ಮಿಯೇ ಎಂದು ತಿರುಗೇಟು. ಹೀಗೆ ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹಾಕುತ್ತಾ, ತಾವು ಮಲಗುವ ನಡುಮನೆ ಬಿಟ್ಟರೆ ಕೆಳಗಿದ್ದ ಒಂದೇ ಒಂದು ಕೋಣೆಯನ್ನು ಚಾವಣಿ ಮುಟ್ಟಿಸಿದರು. ದಾನ ಕೊಟ್ಟೂ ನೋಡಿದ್ದಾರೆ. ನರ್ಸ್ ಒಬ್ಬರಿಗೆ ಒಂದು ಚೀಲ ಕೊಟ್ಟರು. ಆಕೆ ಎರಡು ತಿಂಗಳ ನಂತರ ಅದೇ ಚೀಲವನ್ನು ಬಡ್ಡಿಸಮೇತ ತಂದು ಒಪ್ಪಿಸಿದರು. ಪುರುಸೊತ್ತಾಗಲಿಲ್ಲವಂತೆ, ಜೊತೆಗೆ ಅವರ ಚಿಕ್ಕಮ್ಮನದೂ ಸ್ವಲ್ಪ ಇತ್ತಂತೆ.

ಇದೆಲ್ಲ ನಗುತ್ತಾ ತಳ್ಳಿಕೊಂಡು ಹೋಗಬಹುದಾಗಿತ್ತು, ಈ ಬೇಸಿಗೆಯ ಶುರುವಿನಲ್ಲಿ ಅಕ್ಕ ಬೀಳದೇ ಇದ್ದಿದ್ದರೆ.

ಅಕ್ಕ ಆಗ ಇದ್ದದ್ದು ಅದೇ ಮನೆಯ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ. ಮದುವೆ ಬೇಡವೆಂದವಳು, ತನ್ನ ಹೊಲಿಗೆ ಯಂತ್ರ, ತನ್ನ ಸ್ಟೌ, ತನ್ನ ಬೀಗ ಎಂದು ಬದುಕಿದವಳು. ಹೊರಗಿನಿಂದ ಹತ್ತುವ ಕಡಿದಾದ ಮೆಟ್ಟಿಲು, ನಡುವೆ ಒಂದು ತಿರುವು, ಒಂದು ಬದಿಗೆ ಕಬ್ಬಿಣದ ಕಂಬಿ. ಒಂದು ಮಧ್ಯಾಹ್ನ ಕೆಳಗಿಳಿಯುವಾಗ ಬಿಸಿಲಿಗೆ ಕಾದ ಕಂಬಿ ಅಂಗೈಯನ್ನು ಚುರ್ ಎನ್ನಿಸಿತು, ಕೈ ತಾನಾಗಿ ಬಿಟ್ಟಿತು, ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಆಪರೇಷನ್ನಿಗೆ ಕರೆದೊಯ್ದದ್ದು ತಮ್ಮನ ಲಿಫ್ಟಿನಲ್ಲೇ. ಅಂದು ಅದು ಜಗ್ಗಿತು. ಸರ್ವೀಸಿನಲ್ಲಿ ಅಷ್ಟು ಕೆಟ್ಟದಾಗಿ ಎಂದೂ ನಿಲ್ಲಿಸಿರಲಿಲ್ಲ ಎಂದು ಲಿಫ್ಟ್ ಮಾಮ ಈಗಲೂ ಕೈ ಹಿಸುಕಿಕೊಳ್ಳುತ್ತಾರೆ. ಸ್ಟ್ರೆಚರ್ ಮೇಲಿದ್ದ ಅಕ್ಕ ಆ ನೋವಿನಲ್ಲೂ ಕಣ್ಣು ಬಿಟ್ಟು, "ಇದೇ ಏನೋ ನೀನು ಕಲಿತಿರೋದು" ಎಂದಿದ್ದಳಂತೆ.

ಡಾಕ್ಟರು ಎರಡೇ ಮಾತಿನಲ್ಲಿ ಹೇಳಿದರು. ಬೇಸಿಗೆ ಮುಗಿಯುವ ಮುನ್ನ ಮನೆಗೆ ಕಳಿಸುತ್ತೇವೆ. ಮೆಟ್ಟಿಲು ಹತ್ತಿಸಬೇಡಿ. ಕೆಳಗೆ ಮಂಚ ಹಾಕಲು ಜಾಗವಿಲ್ಲದಿದ್ದರೆ ಆರೈಕೆ ಕೇಂದ್ರವೊಂದಕ್ಕೆ ಬರೆದುಕೊಡುತ್ತೇವೆ, ಅಲ್ಲಿ ಇರಲಿ. ತನ್ನ ಬೀಗದ ಕೈಯನ್ನು ಯಾರಿಗೂ ಕೊಡದವಳನ್ನು ಹತ್ತು ಹಾಸಿಗೆಯ ಹಜಾರಕ್ಕೆ ಕಳಿಸುವುದೇ? ಗಂಡ ಹೆಂಡತಿ ಅಂದು ಮನೆಗೆ ಬಂದು ಉಲ್ಲನ್ ಕೋಣೆಯ ಬಾಗಿಲು ತಳ್ಳಿದರು. ಬಾಗಿಲು ಅರ್ಧ ಮಾತ್ರ ತೆರೆಯಿತು.

ಮನೆಯಿಂದ ಉಲ್ಲನ್ನು ಉಲ್ಲನ್ನಾಗಿ ಹೊರಗೆ ಹೋಗಕೂಡದು, ಏನಾದರೂ ಆಗಿಯೇ ಹೋಗಬೇಕು. ಇದು ಹೆಂಡತಿಯ ಹಟ. ಗಂಡನೂ ಒಪ್ಪಿದರು, ಕೊಟ್ಟವರ ಮುಖ ಒಂದೊಂದು ಉಂಡೆಗೂ ಅಂಟಿಕೊಂಡಿತ್ತು. ಮಕ್ಕಳ ವಾರ್ಡಿಗೆ ಹೊದಿಕೆ ಬೇಕೇ ಎಂದು ಹೆಡ್ ನರ್ಸನ್ನು ಕೇಳಿದರು. ಎಷ್ಟಾದರೂ ತನ್ನಿ, ಆದರೆ ಮೊದಲು ನಮ್ಮ ಲಾಂಡ್ರಿಯ ಬಿಸಿನೀರಿನಲ್ಲಿ ತೊಳೆಸಬೇಕು ಎಂದರು ಆಕೆ. ಅಲ್ಲಿಗೆ ಬೇಸಿಗೆಯ ಕೆಲಸ ಗೊತ್ತಾಯಿತು.

ಧಗೆಯಲ್ಲಿ ಉಲ್ಲನ್ ಹಿಡಿಯುವುದು ಯಾರಿಗೂ ಬೇಡ. ಅಂಗೈ ಬೆವರಿ ದಾರ ಕಡ್ಡಿಗೆ ಅಂಟುತ್ತದೆ, ಎಳೆದರೆ ಕಿರ್ ಎನ್ನುತ್ತದೆ. ದೊಡ್ಡದನ್ನು ಹೆಣೆದರೆ ತೊಡೆ ಬೇಯುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಅಂಗೈಯಗಲದ ಚೌಕಗಳನ್ನೇ ಮಾಡಬೇಕು, ಎಲ್ಲ ಆದಮೇಲೆ ಜೋಡಿಸಬೇಕು. ಲಿಫ್ಟಿನಲ್ಲಿ ಗಂಡ ಕ್ರೋಶಾ, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಹೆಂಡತಿ ಜೋಡಿ ಕಡ್ಡಿ. ಫ್ಯಾನ್ ಹಾಕಿದರೆ ಎಳೆಗಳು ಹಾರುತ್ತವೆ, ಹಾಕದಿದ್ದರೆ ಇವರೇ ಹಾರಿಹೋಗುತ್ತಾರೆ. ಲಿಫ್ಟಿಗೆ ಬಂದವರೆಲ್ಲ "ಈ ಬಿಸಿಲಲ್ಲಿ ಯಾರಿಗೆ ಮಾಮ ಸ್ವೆಟರು?" ಎಂದು ಕೇಳುವವರೇ. ಉತ್ತರ ಹೇಳಿ ಹೇಳಿ ಸಾಕಾಗಿ, "ನಿಮಗೇ" ಎನ್ನಲು ಶುರು ಮಾಡಿದರು. ಅದೂ ತಿರುಗುಬಾಣವಾಯಿತು. ಒಬ್ಬರು ಅಳತೆ ಕೊಟ್ಟು ಹೋದರು.

ಕೋಣೆ ಇಷ್ಟಿಷ್ಟೇ ತೆರವಾಯಿತು. ಒಂದು ದಿನ ಬಾಗಿಲು ಪೂರ್ತಿ ತೆರೆಯಿತು. ಒಂದು ದಿನ ಕಿಟಕಿ ಕಾಣಿಸಿತು. ಹೊದಿಕೆಗಳ ಮೊದಲ ಕಟ್ಟು ಲಾಂಡ್ರಿಗೆ ಹೋಯಿತು. ಮರುದಿನ ಲಾಂಡ್ರಿಯವನು ಗಾಡಿ ತಳ್ಳಿಕೊಂಡು ಬಂದು, ಲಿಫ್ಟಿನ ಮುಂದೆ ಕಟ್ಟು ಬಿಚ್ಚಿ ತೋರಿಸಿದ.

ಹೊದಿಕೆಗಳು ಹೊದಿಕೆಗಳಾಗಿ ಉಳಿದಿರಲಿಲ್ಲ. ಕೆಲವು ಚೌಕಗಳು ಮುದುಡಿ ಹಪ್ಪಳದಷ್ಟು ಗಟ್ಟಿಯಾಗಿದ್ದವು, ಪಕ್ಕದವು ಹಾಗೆಯೇ ಇದ್ದು ಉಬ್ಬಿ ನಿಂತಿದ್ದವು. ಕುರಿಯ ಉಣ್ಣೆ ಬಿಸಿನೀರು ಕಂಡರೆ ಕುಗ್ಗಿ ಗಟ್ಟಿಯಾಗುತ್ತದೆ, ಕಾರ್ಖಾನೆಯ ಉಲ್ಲನ್ ಆಗುವುದಿಲ್ಲ. ಎರಡನ್ನೂ ಒಂದೇ ಹೊದಿಕೆಗೆ ಸೇರಿಸಬಾರದು ಎಂಬುದು ಲಿಫ್ಟ್ ಮಾಮನಿಗೆ ಗೊತ್ತಿಲ್ಲದ್ದೇನಲ್ಲ. ಸಿಗರೇಟು ಬಿಟ್ಟರೂ ಬೆಂಕಿಪೆಟ್ಟಿಗೆ ಇಟ್ಟುಕೊಂಡಿರುವುದೇ ಅದಕ್ಕೆ. ಲೇಬಲ್ ಇಲ್ಲದ ಉಂಡೆ ಸಿಕ್ಕರೆ ಎಳೆಯ ತುದಿಗೆ ಬೆಂಕಿಕಡ್ಡಿ ಗೀರಿ ಹಿಡಿಯುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ಕುರಿಯದು, ಕರಗಿ ಮಣಿಯಾದರೆ ಕಾರ್ಖಾನೆಯದು.

"ಈ ಸಲ ಗೀರಲಿಲ್ಲ" ಎನ್ನುತ್ತಾರೆ. "ಒಂದೊಂದನ್ನೂ ಸುಟ್ಟು ಮೂಸ್ತಾ ಕೂತ್ರೆ ಅಕ್ಕ ಬರೋ ಹೊತ್ತಿಗೆ ಆಗಲ್ಲ ಅಂತ ಆತುರ. ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ ಅಂತ ಜಂಬ ಬೇರೆ. ಬೆವರಿದ ಕೈಗೆ ಏನು ಗೊತ್ತಾಗುತ್ತೆ, ಮಣ್ಣು."

ಹೋದದ್ದಷ್ಟೂ ಮನೆಗೆ ವಾಪಸು ಬಂತು. ಬಿಚ್ಚಿ ಮತ್ತೆ ಉಂಡೆ ಸುತ್ತೋಣವೆಂದರೆ ಗಟ್ಟಿಯಾದದ್ದು ಬಿಚ್ಚುವುದಿಲ್ಲ. ಕಿಟಕಿ ಮತ್ತೆ ಮುಚ್ಚಿಹೋಯಿತು. ಹೆಂಡತಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅತ್ತರು. ಅಷ್ಟರಲ್ಲಿ ವಾರ್ಡಿನಿಂದ ಸುದ್ದಿ, ಬರುವ ವಾರ ಡಿಸ್ಚಾರ್ಜು.

ಓದುವವರಿಗೆ ಇಷ್ಟು ಹೊತ್ತಿಗೆ ಒಂದು ಪ್ರಶ್ನೆ ಬಂದಿರಬೇಕು. ಅಕ್ಕನಿಗೂ ಅದೇ ಪ್ರಶ್ನೆ ಬಂತು. ವ್ಯಾಯಾಮಕ್ಕೆಂದು ಗಾಲಿಕುರ್ಚಿಯಲ್ಲಿ ಕೆಳಗೆ ಕರೆದೊಯ್ಯುವಾಗ ಲಿಫ್ಟಿನಲ್ಲಿ ಇಬ್ಬರೇ ಇದ್ದರು. ಲಿಫ್ಟ್ ಮಾಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಜಾಗ ಆಗಲಿಲ್ಲ ಅಕ್ಕ, ಎಂದರು.

"ಯಾಕೆ ಆಗಲಿಲ್ಲ?"

ಉಲ್ಲನ್ನಿನ ಕಥೆ ಪೂರ್ತಿ ಹೇಳಿದರು. ಅಕ್ಕ ಪೂರ್ತಿ ಕೇಳಿದಳು.

"ಅಲ್ವೋ, ನನ್ನ ರೂಮು ಖಾಲಿ ಬಿದ್ದಿದೆ. ಬೀಗದ ಕೈ ನನ್ನ ದಿಂಬಿನ ಕೆಳಗಿದೆ. ಎಲ್ಲಾ ತಗೊಂಡ್ಹೋಗಿ ಅಲ್ಲಿ ತುಂಬಿದ್ರೆ ಮುಗೀತಿತ್ತಲ್ಲ. ಒಂದು ದಿನದ ಕೆಲಸ. ಗಂಡ ಹೆಂಡ್ತಿ ಇಬ್ಬರಿಗೂ ಒಟ್ಟಿಗೆ ಬುದ್ಧಿ ಕೆಟ್ಟಿತ್ತಾ?"

ಲಿಫ್ಟ್ ಮಾಮ ಹಿಡಿ ಒತ್ತಿ ಲಿಫ್ಟನ್ನು ಎರಡು ಮಹಡಿಗಳ ನಡುವೆ ನಿಲ್ಲಿಸಿಬಿಟ್ಟರು. ಈ ಕೆಲಸಕ್ಕೆ ಬಂದಮೇಲೆ ಬೇಕೆಂದೇ ಹಾಗೆ ನಿಲ್ಲಿಸಿದ್ದು ಅದೊಂದೇ ಸಲ.

"ಗೊತ್ತಿತ್ತು ಅಕ್ಕ" ಎಂದರು. "ಇಬ್ಬರಿಗೂ ಮೊದಲನೇ ದಿನವೇ ಗೊತ್ತಿತ್ತು. ಅವಳೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ನಿನ್ನ ರೂಮಿಗೆ ಸಾಮಾನು ತುಂಬೋದು ಅಂದ್ರೆ ನೀನು ಇನ್ನು ಮೇಲೆ ಹತ್ತೋದೇ ಇಲ್ಲ ಅಂತ ನಾವೇ ತೀರ್ಮಾನ ಮಾಡಿದಂಗೆ ಅಲ್ವಾ. ದಿನಾ ಊರವರನ್ನೆಲ್ಲ ಮೇಲೆ ಹತ್ತಿಸೋನು ನಾನು. ನನ್ನ ಬಾಯಿಂದ ಆ ಮಾತು ಹೇಗೆ ಬರುತ್ತೆ?"

ಮೇಲಿನ ಮಹಡಿಯಲ್ಲಿ ಯಾರೋ ಬಾಗಿಲು ಬಡಿಯತೊಡಗಿದರು. ಅಕ್ಕ ಕಣ್ಣೊರೆಸಿಕೊಂಡು, "ಹತ್ತೋದು ಬಿಡೋದು ನನ್ನ ಕಾಲಿಗೆ ಬಿಟ್ಟದ್ದು ಕಣೋ, ನಿನ್ನ ಉಲ್ಲನ್ನಿಗಲ್ಲ. ನಡಿ, ಜನ ಕಾಯ್ತಿದಾರೆ" ಎಂದಳು. ಸಂಜೆ ದಿಂಬಿನ ಕೆಳಗಿನಿಂದ ಬೀಗದ ಕೈ ತೆಗೆದು ತಮ್ಮನ ಕೈಗೆ ಕೊಟ್ಟಳು. ಅದನ್ನು ಮೊದಲ ಬಾರಿಗೆ ಹಿಡಿದಾಗ ತಮಗೆ ಅಳು ಬಂತೆಂದು ಲಿಫ್ಟ್ ಮಾಮ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮರುಕ್ಷಣವೇ ಸಿಟ್ಟು ವಾಪಸು ಬರುತ್ತದೆ. "ಆಮೇಲೆ ಎಲ್ಲಾ ಹೊತ್ತು ಹಾಕಿದ್ದು ಯಾರು? ನಾನೇ. ಆಸ್ಪತ್ರೇಲಿ ಮೆಷಿನ್ ಇದೆ. ಮನೇಲಿ ಇರೋದು ನನ್ನ ಮಂಡಿ."

ಅಕ್ಕ ಈಗ ಕೆಳಗಿನ ಕೋಣೆಯಲ್ಲಿದ್ದಾಳೆ. ಕಿಟಕಿ ಪೂರ್ತಿ ಕಾಣುತ್ತದೆ, ಅದರ ಪಕ್ಕ ಮಂಚ, ಮಂಚದ ಪಕ್ಕ ಹೊಲಿಗೆ ಯಂತ್ರ. ಕುಗ್ಗಿದ ಚೌಕಗಳಲ್ಲಿ ಒಂದು ಲಿಫ್ಟಿನ ಸ್ಟೂಲಿಗೆ ಮೆತ್ತೆಯಾಗಿದೆ, ಉಳಿದವು ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಹಿಡಿಯುತ್ತಿವೆ. ಆದರೆ ನೆಮ್ಮದಿ ಎಲ್ಲಿಯದು? ಬಂದ ವಾರಕ್ಕೇ ಅಕ್ಕ ಮೆಟ್ಟಿಲಿನ ಕಂಬಿಗೆ ಉಲ್ಲನ್ನಿನ ಕವಚ ಹೆಣೆಯಲು ಶುರು ಮಾಡಿದಳು. ಬಿಸಿಲಿಗೆ ಕೈ ಸುಡಬಾರದಲ್ಲ. ಪಟ್ಟಿಯನ್ನು ಕುಳಿತು ಹೆಣೆದರೂ ಕಂಬಿಗೆ ಸುತ್ತಿ ಹೊಲಿಯುವುದಕ್ಕೆ ಅಲ್ಲಿಯೇ ನಿಲ್ಲಬೇಕು. ಮೊದಲು ಕೆಳಗಿನ ಮೆಟ್ಟಿಲಿನ ಹತ್ತಿರ ವಾಕರ್ ಹಿಡಿದು ನಿಂತಳು. ಆ ಭಾಗ ಮುಗಿದಾಗ ಮುಂದಿನದನ್ನು ಹೊಲಿಯಲು ಒಂದು ಮೆಟ್ಟಿಲು ಹತ್ತಲೇಬೇಕಾಯಿತು. ವ್ಯಾಯಾಮ ಮಾಡಿಸುವವರು ಬಂದು ನೋಡಿ, ಹಿಂದೆ ಒಬ್ಬರು ನಿಂತಿರಲಿ, ದಿನಕ್ಕೆ ಇಷ್ಟೇ ಎಂದು ಒಪ್ಪಿಗೆ ಕೊಟ್ಟುಹೋದರು. ಹಿಂದೆ ನಿಲ್ಲುವ ಆ ಒಬ್ಬರು ಯಾರೆಂದು ಬೇರೆ ಹೇಳಬೇಕಿಲ್ಲ.

"ಮಳೆ ಬಂದ್ರೆ ನೆಂದು ಮುದ್ದೆ ಆಗುತ್ತೆ ಅಂದೆ. ಬಿಚ್ಚಿ ಒಣಗಿಸಿ ಮತ್ತೆ ಹಾಕ್ತೀನಿ ಅಂದ್ಲು. ಯಾವುದೋ ಒಂದು ಬಣ್ಣ ಹಾಕು, ಮೇಲೆ ಅಷ್ಟೊಂದು ಬಿದ್ದಿದೆ ಅಂದೆ. ಉಹೂಂ. ಕಣ್ಣು ಮಂಜು, ಬಿಳೀ ಗೋಡೆ ಮುಂದೆ ಹಸಿರೇ ಚೆನ್ನಾಗಿ ಕಾಣೋದು ಅಂತಾಳೆ. ಆ ರೂಮಲ್ಲಿ ಇಲ್ಲದ ಬಣ್ಣ ಇಲ್ಲ. ಹಸಿರೊಂದೇ ಮುಗಿದಿದೆ. ಹೊದಿಕೆಗೆ ಹಾಕಿ ಹಾಳು ಮಾಡಿದ್ದು ನಾನೇ ಅಲ್ವಾ, ದಿನಾ ಬೈಸ್ಕೋತೀನಿ." ಬೆಳಗಿನ ಹೆಂಗಸು ಕೊಟ್ಟುಹೋದ ಚೀಲವನ್ನು ತೆರೆದು ಇಣುಕುತ್ತಾರೆ. ಬೂದು ಬಣ್ಣ. ಚೀಲದ ಹಿಡಿಕೆ ಹಿಡಿದು ಸ್ಟೂಲಿನ ಕೆಳಗೆ ತಳ್ಳುತ್ತಾರೆ, ಆದರೂ ಅರ್ಧ ಹೆಣೆದದ್ದನ್ನು ಮುದುರದ ಹಾಗೆ ಮೇಲಿಡುತ್ತಾರೆ.

ಗಂಟೆ ಬಾರಿಸುತ್ತದೆ. ಎರಡನೇ ಮಹಡಿ. ಪತ್ರಿಕೆಯವರು ಹೊರಡಲು ಏಳುತ್ತಾರೆ. ಕ್ರೋಶಾ ಕಡ್ಡಿ ಜೇಬಿಗೆ ಹೋಗುತ್ತದೆ, ಕೈ ಹಿಡಿಗೆ ಹೋಗುತ್ತದೆ. "ಹೇಳಿದ್ದು ಮರೀಬೇಡಿ ಮತ್ತೆ. ಯಾರೂ ಉಲ್ಲನ್ ಕೊಡಬೇಡಿ ಅಂತ. ದೊಡ್ಡ ಅಕ್ಷರ." ಕಬ್ಬಿಣದ ಬಾಗಿಲು ಗರಗರ ಎನ್ನುತ್ತ ಮುಚ್ಚಿಕೊಳ್ಳುತ್ತದೆ. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಲಿಫ್ಟು ಕದಲುವುದಿಲ್ಲ. ಮೇಲೆ ಗಂಟೆ ಇನ್ನೊಮ್ಮೆ ಬಾರಿಸುತ್ತದೆ. ಬಾಗಿಲಿನ ಸರಳುಗಳ ನಡುವೆ ಲಿಫ್ಟ್ ಮಾಮನ ಮುಖ ಕಾಣುತ್ತದೆ, ಕನ್ನಡಕ ಮತ್ತೆ ಮೂಗಿನ ತುದಿಗೆ ಬಂದಿದೆ.

"ಹಸಿರು ಇದ್ರೆ ಮಾತ್ರ ಕೊಡಿ ಅಂತ ಬರೀರಿ. ಗಾಢ ಹಸಿರು. ನಿನ್ನೆ ಅಕ್ಕ ಮೆಟ್ಟಿಲಿನ ತಿರುವು ದಾಟಿದ್ಲು. ಇನ್ನೂ ಅರ್ಧ ಕಂಬಿ ಇದೆ."